ಕಲ್ಲಿನ ನಾವಿಕರು, ಉಪ್ಪಿನ ಮೀನು

ಲಿಸ್ಬನ್ ನಗರದ ಪಶ್ಚಿಮ ತುದಿಯಲ್ಲಿ ಬೆಲೆಂ ಎಂಬ ಬಡಾವಣೆಯಿದೆ. ತೇಜೋ ನದಿ ಅಲ್ಲಿಗೆ ಬರುವ ಹೊತ್ತಿಗೆ ಅರ್ಧ ಸಮುದ್ರವೇ ಆಗಿರುತ್ತದೆ. ಪೋರ್ಚುಗಲ್ಲಿಗೆ ಬಂದ ಪ್ರವಾಸಿಗಳು ಮೊದಲು ಓಡುವುದು ಅಲ್ಲಿಗೇ. ದಂಡೆಯ ಮೇಲೆ ಐವತ್ತು ಮೀಟರಿಗೂ ಎತ್ತರದ ಸ್ಮಾರಕವೊಂದು ಹಾಯಿ ಬಿಚ್ಚಿದ ಹಡಗಿನ ಆಕಾರದಲ್ಲಿ ನೀರಿನ ಕಡೆಗೆ ಚಾಚಿಕೊಂಡಿದೆ. ಎಲ್ಲರಿಗಿಂತ ಮುಂದೆ, ಪೋರ್ಚುಗೀಸರ ಕಡಲಯಾನಗಳಿಗೆ ಬೆಂಬಲ ಕೊಟ್ಟ ರಾಜಕುಮಾರ ಹೆನ್ರಿ. ಅವನ ಬೆನ್ನಿಗೆ ಎರಡೂ ಬದಿಯಲ್ಲಿ ನಾವಿಕರು, ನಕ್ಷೆ ಬರೆದವರು, ಪಾದ್ರಿಗಳು, ಕವಿಗಳು, ಅರಸರು. ಅವನೂ ಸೇರಿ 33 ಮಂದಿ. ವಾಸ್ಕೋ ಡ ಗಾಮ ಇದ್ದಾನೆ, ಗೋವೆಯನ್ನು ಹಿಡಿದ ಅಲ್ಬುಕರ್ಕ್ ಇದ್ದಾನೆ, ಸಂತ ಫ್ರಾನ್ಸಿಸ್ ಝೇವಿಯರ್ ಇದ್ದಾನೆ. ಹೆಂಗಸು ಒಬ್ಬಳೇ, ಹೆನ್ರಿಯ ತಾಯಿ ಫಿಲಿಪ್ಪ. ಬಲೆ ಎಳೆದವನು, ಹಾಯಿ ಹೊಲಿದವನು, ಹಡಗಿನ ತಳದಲ್ಲಿ ನೀರು ಮೊಗೆದವನು, ಇವರಲ್ಲಿ ಒಬ್ಬನೂ ಇಲ್ಲ.

ನೋಡಿದವರಿಗೆ ಶತಮಾನಗಳಷ್ಟು ಹಳೆಯದೆನಿಸುವ ಈ ಸ್ಮಾರಕ ಕುಮಟೆಯಲ್ಲಿ ನಾನು ಓದಿದ ಶಾಲೆಯ ಕಟ್ಟಡಕ್ಕಿಂತ ಚಿಕ್ಕ ವಯಸ್ಸಿನದು. ಸರ್ವಾಧಿಕಾರಿ ಸಲಜಾರ್‌ನ ಆಳ್ವಿಕೆಯಲ್ಲಿ, 1940ರಲ್ಲಿ ನಡೆದ ದೊಡ್ಡ ಪ್ರದರ್ಶನವೊಂದಕ್ಕೆ ತಾತ್ಕಾಲಿಕವಾಗಿ ನಿಲ್ಲಿಸಿದ್ದು ಇದು. ಹೆನ್ರಿ ಸತ್ತು ಐನೂರು ವರ್ಷವಾದ ನೆಪದಲ್ಲಿ 1960ರಲ್ಲಿ ಕಾಂಕ್ರೀಟು, ಕಲ್ಲುಗಳಲ್ಲಿ ಮತ್ತೆ ಕಟ್ಟಿ ಕಾಯಂ ಮಾಡಿದರು. ಆಫ್ರಿಕದ ನಾಡುಗಳು ಒಂದರ ಹಿಂದೆ ಒಂದು ಸ್ವತಂತ್ರವಾಗುತ್ತಿದ್ದ ವರ್ಷ ಅದು. ಮರುವರ್ಷ ಗೋವೆಯೂ ಅವರ ಕೈತಪ್ಪಿತು. ಸ್ಮಾರಕದ ಎದುರು ಬಣ್ಣದ ಕಲ್ಲು ಹಾಸಿ 50 ಮೀಟರ್ ಅಗಲದ ದಿಕ್ಸೂಚಿಯನ್ನು ಬಿಡಿಸಿದ್ದಾರೆ. ಅದು ವರ್ಣಭೇದದ ಕಾಲದ ದಕ್ಷಿಣ ಆಫ್ರಿಕ ಕೊಟ್ಟ ಉಡುಗೊರೆ. ಅದರ ನಡುವೆ ಜಗತ್ತಿನ ನಕ್ಷೆ, ನಕ್ಷೆಯ ಮೇಲೆ ಪೋರ್ಚುಗೀಸರು ಎಲ್ಲೆಲ್ಲಿಗೆ ಯಾವಾಗ ತಲುಪಿದರು ಎಂಬ ಇಸವಿಗಳು. ಜನ ತಮ್ಮ ತಮ್ಮ ದೇಶವನ್ನು ಹುಡುಕಿ, ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

"ಅಮ್ಮ, ಅಲ್ಲೇ ನಿಲ್ಲು, 1498ರ ಮೇಲೆ" ಎಂದು ಮಗಳು ಮೊಬೈಲ್ ಎತ್ತಿದಳು. ಬೇಡವೆಂದೆ. ದೇಶಾಭಿಮಾನವೇನೂ ಅಲ್ಲ, ಬಿಸಿಲಿತ್ತು. ಜೊತೆಗೆ, ಯಾರೋ ಬಂದು ಕಂಡದ್ದಕ್ಕೆ ನಮ್ಮ ಕರಾವಳಿಗೆ ಒಂದು ಜನ್ಮದಿನ ದೊರೆತಂತೆ ಬರೆದದ್ದು ನನಗೆ ಹಿಡಿಸಲಿಲ್ಲ.

ರಸ್ತೆಯಾಚೆ ಜೆರೋನಿಮೋಸ್ ಮಠವಿದೆ. ಅದು ಮಾತ್ರ ನಿಜಕ್ಕೂ ಹಳೆಯದು, ನಿಜಕ್ಕೂ ಸುಂದರ. ಕಂಬಗಳ ಮೇಲೆ ಹಗ್ಗಗಳು, ಗಂಟುಗಳು, ಬಳ್ಳಿಗಳು. ಸುಣ್ಣಕಲ್ಲಿನಲ್ಲಿ ಇಷ್ಟು ನವುರಾದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅರಸ ಮನುವೆಲ್ 1501ರ ಸುಮಾರಿಗೆ ಕಟ್ಟಲು ತೊಡಗಿದಾಗ ಹಣ ಬಂದದ್ದು ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರಷ್ಟು ತೆರಿಗೆಯಿಂದ. ವ್ಯಾಪಾರವೆಂದರೆ ಬಹುಪಾಲು ಕರಿಮೆಣಸು. ಆ ಮೆಣಸಿನಲ್ಲಿ ಮಲಬಾರಿನ ಪಾಲು ಹೆಚ್ಚು, ಆದರೆ ನಮ್ಮ ಘಟ್ಟದ ಪಾಲೂ ಬೇಕಾದಷ್ಟಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರೆಂದು ಮಿರ್ಜಾನ್ ಕೋಟೆ ತೋರಿಸುವವರು ಇಂದಿಗೂ ಹೇಳುತ್ತಾರೆ. ಮಠದೊಳಗೆ ಗಾಮನ ಸಮಾಧಿಯಿದೆ, ಕಲ್ಲಿನ ಗಾಮ ಕೈಮುಗಿದು ಮಲಗಿದ್ದಾನೆ. ಅವನ ಮೊದಲ ಪ್ರಯಾಣಕ್ಕೆ ಹೊರಟವರು ಸುಮಾರು 170 ಜನ. ಮನೆಗೆ ಮರಳಿದವರು ಮೂರರಲ್ಲೊಂದು ಪಾಲು. ಉಳಿದವರು ಹೆಚ್ಚಾಗಿ ಒಸಡು ಕೊಳೆತು ಸ್ಕರ್ವಿಯಿಂದ ಸತ್ತರು. ಅವನ ಸ್ವಂತ ಅಣ್ಣ ಪಾವ್ಲೊ ಕೂಡ ದಾರಿಯಲ್ಲೇ, ಅಜೋರ್ಸ್ ದ್ವೀಪದಲ್ಲಿ ತೀರಿಕೊಂಡ.

ಪೋರ್ಚುಗಲ್ ತನ್ನ ಕಡಲನ್ನು ಪ್ರವಾಸಿಗಳಿಗೆ ತೋರಿಸುವ ಬಗೆ ಇದು. ಆದರೆ ಆ ದೇಶಕ್ಕೆ ಇನ್ನೊಂದು ಕಡಲಿದೆ. ಅದನ್ನು ನೋಡಲು ಬೆಲೆಂ ಬಿಟ್ಟು ಉತ್ತರಕ್ಕೆ ಹೋಗಬೇಕು. ಮಗಳು ಆವೈರೊ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದುದರಿಂದ ನನಗೆ ಆ ಕಡಲು ಸುಲಭವಾಗಿ ದಕ್ಕಿತು.

ಮೊದಲು ಮೂಗಿಗೆ ದಕ್ಕಿತು. ಪೋರ್ಚುಗಲ್ಲಿನ ಯಾವ ಕಿರಾಣಿ ಅಂಗಡಿಗೆ ಹೋದರೂ ಒಂದು ಮೂಲೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನಿನ ರಾಶಿ ಇರುತ್ತದೆ. ಕುಮಟೆಯ ಸಂತೆಯಲ್ಲಿ ಬೆಳೆದ ನನ್ನ ಮೂಗಿಗೆ ಅದನ್ನು ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಬೆನ್ನೆಲುಬು ತೆಗೆದು, ಅಗಲವಾಗಿ ಸೀಳಿ, ಬಾಗಿಲ ಹಲಗೆಗಳಂತೆ ಒಂದರ ಮೇಲೊಂದು ಪೇರಿಸಿಟ್ಟ ಕಾಡ್ ಮೀನು. ಅವರು ಅದನ್ನು ಬಕಲ್ಯಾವ್ ಎನ್ನುತ್ತಾರೆ. ಗಿರಾಕಿ ತೋರಿಸಿದ ಮೀನನ್ನು ಅಂಗಡಿಯವನು ಗರಗಸಕ್ಕೆ ಕೊಟ್ಟು ತುಂಡು ಮಾಡುತ್ತಾನೆ. ಒಂದೆರಡು ದಿನ ನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸುತ್ತಾ ಉಪ್ಪು ಬಿಡಿಸಿದ ಮೇಲೆಯೇ ಅಡುಗೆ. ವರ್ಷದ ಪ್ರತಿ ದಿನಕ್ಕೊಂದು ಬಗೆಯಲ್ಲಿ ಮಾಡಬಹುದೆಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಕ್ರಿಸ್ಮಸ್ ಹಿಂದಿನ ರಾತ್ರಿ ಬೇಯಿಸಿದ ಬಟಾಟೆ, ಕೋಸು, ಆಲಿವ್ ಎಣ್ಣೆಯ ಜೊತೆ ಇದು ಇರಲೇಬೇಕು.

ವಿಚಿತ್ರವೆಂದರೆ ಈ ಮೀನು ಪೋರ್ಚುಗಲ್ಲಿನ ಕಡಲಿನಲ್ಲಿ ಇಲ್ಲವೇ ಇಲ್ಲ. ಎದುರಿಗೆ ಮೀನು ತುಂಬಿದ ಸಮುದ್ರವಿಟ್ಟುಕೊಂಡ ಜನ, ತಮ್ಮ ಹಬ್ಬದ ಮೀನಿಗಾಗಿ ಶತಮಾನಗಳ ಕಾಲ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನ ಮಂಜಿಗೆ, ಗ್ರೀನ್‌ಲ್ಯಾಂಡಿನ ಹಿಮಕ್ಕೆ ಹೋದರು. ಈಗ ಹೆಚ್ಚಿನದು ನಾರ್ವೆ, ಐಸ್‌ಲ್ಯಾಂಡ್‌ಗಳಿಂದ ಬರುತ್ತದೆ. ಆವೈರೊ ಪಕ್ಕದ ಇಲ್ಯಾವು ಎಂಬ ಪುಟ್ಟ ಊರಿನಲ್ಲಿ ಈ ಮೀನುಗಾರಿಕೆಗೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ಪ್ರವಾಸದಲ್ಲಿ ನಾನು ನೋಡಿದ ಎಲ್ಲ ಕಟ್ಟಡಗಳಲ್ಲಿ ಒಂದನ್ನು ಮಾತ್ರ ಮತ್ತೆ ನೋಡಬಹುದೆಂದರೆ ಇದನ್ನೇ ಆರಿಸುತ್ತೇನೆ.

ಅಲ್ಲಿ ದೊಡ್ಡ ಹಾಯಿಹಡಗಿನ ಮಾದರಿಯ ಮೇಲೆ ಡೋರಿ ಎಂಬ ಚಪ್ಪಟೆ ತಳದ ಪುಟ್ಟ ದೋಣಿಗಳನ್ನು ಒಂದರೊಳಗೊಂದು ಜೋಡಿಸಿಟ್ಟಿದ್ದಾರೆ. ಬೆಳಗಾಗುವ ಮುಂಚೆ ಇವನ್ನು ನೀರಿಗಿಳಿಸುತ್ತಿದ್ದರು. ಒಂದು ಡೋರಿಗೆ ಒಬ್ಬನೇ ಮನುಷ್ಯ. ಉತ್ತರ ಅಟ್ಲಾಂಟಿಕ್‌ನ ಮಂಜಿನಲ್ಲಿ ಒಬ್ಬನೇ ಕುಳಿತು, ಗಾಳದ ಹಗ್ಗ ಬಿಟ್ಟು, ದೋಣಿ ಮುಳುಗುವ ಅಂಚಿಗೆ ಬರುವಷ್ಟು ಮೀನು ತುಂಬಿಕೊಂಡು, ತಾಯಿಹಡಗನ್ನು ಹುಡುಕಿಕೊಂಡು ಮರಳಬೇಕು. ಹಡಗಿಗೆ ಮರಳಿದ ಮೇಲೆ ಮೀನು ಸೀಳಿ ಉಪ್ಪು ಹಾಕುವ ಕೆಲಸ. ಹೀಗೆ ಆರು ತಿಂಗಳು. ಬೇರೆ ದೇಶಗಳು ಯಂತ್ರದೋಣಿಗಳಿಗೆ ಬದಲಾದ ಮೇಲೂ ಪೋರ್ಚುಗಲ್ ಈ ಪದ್ಧತಿಯನ್ನು 1970ರ ದಶಕದವರೆಗೂ ಎಳೆದುಕೊಂಡು ಬಂತು. ಎರಡನೇ ಮಹಾಯುದ್ಧದಲ್ಲಿ, ತಾವು ಯಾರ ಪಕ್ಷವೂ ಅಲ್ಲವೆಂದು ತೋರಿಸಲು ಹಡಗುಗಳಿಗೆ ಬಿಳಿ ಬಣ್ಣ ಬಳಿದರು; ಬಿಳಿ ನೌಕಾಪಡೆ ಎಂಬ ಹೆಸರು ಉಳಿಯಿತು. ಸಲಜಾರ್‌ನ ಸರ್ಕಾರ ಈ ಮೀನುಗಾರರನ್ನು ಗಾಮನ ವಾರಸುದಾರರೆಂದು ಹಾಡಿ ಹೊಗಳಿತು, ಹೊರಡುವ ಮುನ್ನ ಹಡಗುಗಳಿಗೆ ಬಿಷಪ್ಪರಿಂದ ಆಶೀರ್ವಾದ ಮಾಡಿಸಿತು. ಕಾಡ್ ಹಿಡಿಯಲು ಕೆಲವು ವರ್ಷ ಸತತ ಹೋದ ಹುಡುಗರಿಗೆ ಸೈನ್ಯಸೇವೆಯಿಂದ ವಿನಾಯಿತಿಯಿತ್ತು. 1961ರಿಂದ ಅಂಗೋಲ, ಗಿನಿ, ಮೊಜಾಂಬಿಕ್‌ಗಳಲ್ಲಿ ಯುದ್ಧ ಹೊತ್ತಿಕೊಂಡಾಗ, ಆಫ್ರಿಕದ ಕಾಡೋ ಗ್ರೀನ್‌ಲ್ಯಾಂಡಿನ ಮಂಜೋ ಎಂದು ಹದಿನೆಂಟರ ಹುಡುಗರು ಆರಿಸಿಕೊಳ್ಳಬೇಕಾಗಿತ್ತು. ಗಾಜಿನ ಪೆಟ್ಟಿಗೆಯೊಳಗೆ ಆ ಹುಡುಗರ ಉಣ್ಣೆಯ ಕೈಗವಸುಗಳಿದ್ದವು. ಹೆಣೆದವರು ಮನೆಯ ಹೆಂಗಸರೇ ಇರಬೇಕು.

ಇಷ್ಟೆಲ್ಲ ಆದ ಮೇಲೆ ಅಲ್ಲೊಂದು ಅಕ್ವೇರಿಯಂ ಇದೆ, ಜೀವಂತ ಕಾಡ್ ಮೀನುಗಳು ಅದರಲ್ಲಿ ಸುತ್ತುತ್ತವೆ. ಪೋರ್ಚುಗೀಸ್ ಮಕ್ಕಳು ತಮ್ಮ ದೇಶದ ಮೀನು ಈಜುವುದನ್ನು ಮೊದಲ ಬಾರಿಗೆ ಕಾಣುವುದು ಇಲ್ಲಿಯೇ. ನಮ್ಮ ಮುಂದೆ ಒಂದು ಪೋರ ತನ್ನ ಅಜ್ಜಿಯನ್ನು ಜಗ್ಗಿ ಏನೋ ಕೇಳಿತು, ಮಗಳು ನಗುತ್ತಾ ಅನುವಾದಿಸಿದಳು: "ಇದಕ್ಕೆ ತಲೆ ಯಾಕಿದೆ?" ಅಂಗಡಿಯಲ್ಲಿ ಸಿಗುವ ಬಕಲ್ಯಾವ್‌ಗೆ ತಲೆಯಿರುವುದಿಲ್ಲ.

ಆವೈರೊದ ಉಪ್ಪಿನ ಗದ್ದೆಗಳ ಬಗ್ಗೆ ಬರೆದರೆ ಸಾಣಿಕಟ್ಟೆಯ ಬಗ್ಗೆಯೇ ಬರೆದಂತಾಗುತ್ತದೆ, ಆದ್ದರಿಂದ ಬಿಡುತ್ತೇನೆ. ಕೆರೆಪಾಚಿ ಸಾಗಿಸುತ್ತಿದ್ದ ಬಣ್ಣದ ದೋಣಿಗಳು ಈಗ ಕಾಲುವೆಗಳಲ್ಲಿ ಪ್ರವಾಸಿಗಳನ್ನು ಸಾಗಿಸುತ್ತವೆ, ದುಡ್ಡು ದಂಡ. ಊಟದ ವಿಷಯದಲ್ಲಿ ಮಾತ್ರ ಹೇಳಲೇಬೇಕಾದದ್ದು: ಯುರೋಪಿನಲ್ಲಿ ತಲೆಗೆ ಇಷ್ಟೆಂದು ಲೆಕ್ಕ ಹಾಕಿದರೆ ಅತಿ ಹೆಚ್ಚು ಅಕ್ಕಿ ತಿನ್ನುವವರು ಪೋರ್ಚುಗೀಸರೇ. ಮೀನು, ಸಿಗಡಿ, ಟೊಮೆಟೊ ಹಾಕಿ ಸಾರಿನಷ್ಟು ತೆಳ್ಳಗೆ ಬೇಯಿಸಿದ ಅನ್ನವನ್ನು ಪಾತ್ರೆಯಲ್ಲೇ ತಂದಿಡುತ್ತಾರೆ. ಖಾರವಿಲ್ಲ ಎಂಬುದೊಂದನ್ನು ಬಿಟ್ಟರೆ ನನಗೆ ಯಾವ ದೂರೂ ಇಲ್ಲ.

ನಜರೆ ಊರಿಗೆ ಜಗತ್ತು ಬರುವುದು ಅಲೆ ನೋಡಲು. ತೀರದ ಹತ್ತಿರಕ್ಕೇ ಸಮುದ್ರದ ತಳದಲ್ಲಿ ದೊಡ್ಡ ಕಮರಿಯೊಂದು ಬಂದು ಮುಟ್ಟುತ್ತದೆ, ಅದರ ಆಳ ಐದು ಸಾವಿರ ಮೀಟರಿನವರೆಗೂ ಇದೆ. ಅದರಿಂದಾಗಿ ಚಳಿಗಾಲದಲ್ಲಿ ಬರುವ ಅಲೆಗಳು ಮೇಲೇರಿ ಏಳೆಂಟು ಮಹಡಿಯ ಕಟ್ಟಡದಷ್ಟಾಗುತ್ತವೆ. 2020ರ ಅಕ್ಟೋಬರಿನಲ್ಲಿ ಒಬ್ಬ ಜರ್ಮನ್ ಸಾಹಸಿ ಇಲ್ಲಿ 26 ಮೀಟರಿಗೂ ಎತ್ತರದ ಅಲೆಯನ್ನೇರಿ ವಿಶ್ವದಾಖಲೆ ಮಾಡಿದ. ನಾವು ಹೋದದ್ದು ಏಪ್ರಿಲಿನಲ್ಲಿ, ಸಮುದ್ರ ಸುಮ್ಮನಿತ್ತು. ನಾನು ನೋಡಿದ್ದು ಮರಳಿನ ಮೇಲೆ ಸಾಲಾಗಿ ನಿಲ್ಲಿಸಿದ ಬಲೆಯ ಚೌಕಟ್ಟುಗಳನ್ನು. ಕರುಳು ತೆಗೆದು, ಬೆನ್ನು ಸೀಳಿ, ಉಪ್ಪುನೀರಿನಲ್ಲಿ ಅದ್ದಿದ ಮೀನುಗಳನ್ನು ಚಿಟ್ಟೆಯಾಕಾರಕ್ಕೆ ಬಿಡಿಸಿ ಅವುಗಳ ಮೇಲೆ ಹರಡಿದ್ದರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮುದುಕಿಯರು ಕುಳಿತಿದ್ದರು. ಮೊಣಕಾಲುದ್ದದ ಲಂಗದ ಮೇಲೆ ಲಂಗ, ತಲೆಗೆ ವಸ್ತ್ರ. ಇಲ್ಲಿನ ಹೆಂಗಸರು ಏಳು ಲಂಗ ಉಡುತ್ತಾರೆಂದು ಪ್ರತೀತಿ. ಕೆಲವರು ನಖಶಿಖಾಂತ ಕಪ್ಪು, ವಿಧವೆಯರು.

1980ರ ದಶಕದಲ್ಲಿ ಬಂದರು ಕಟ್ಟುವವರೆಗೆ ನಜರೆಯಲ್ಲಿ ದೋಣಿಗಳನ್ನು ನೇರವಾಗಿ ಮರಳಿನಿಂದಲೇ ಅಲೆಗೆ ತಳ್ಳಬೇಕಿತ್ತು, ಅಲೆಯ ಮೇಲಿಂದಲೇ ಮರಳಬೇಕಿತ್ತು. ದೋಣಿ ಮಗುಚುವುದು ದೂರದ ನಡುಗಡಲಿನಲ್ಲಲ್ಲ, ಕಾದು ನಿಂತ ಹೆಂಡತಿ ಮಕ್ಕಳ ಕಣ್ಣೆದುರಿಗೆ. ಈಗ ಅದೇ ಮರಳಿನಲ್ಲಿ ಮುದುಕಿಯರು ಒಣಮೀನು ಮಾರುತ್ತಾರೆ, ರಸ್ತೆ ಬದಿಯಲ್ಲಿ ಇನ್ನು ಕೆಲವರು ಬಾಡಿಗೆಗೆ ಕೋಣೆಯಿದೆಯೆಂಬ ಫಲಕ ಹಿಡಿದು ಕುಳಿತಿರುತ್ತಾರೆ. ನಾನು ಒಂದು ಮೀನು ಎತ್ತಿ ಮೂಸಿ, ಬೆರಳಿನಿಂದ ಒತ್ತಿ ನೋಡಿದ್ದನ್ನು ಕಂಡ ಅಜ್ಜಿಯೊಬ್ಬಳಿಗೆ ಇವಳು ನೋಡುವವಳಲ್ಲ, ಕೊಳ್ಳುವವಳು ಎಂದು ತಿಳಿಯಿತು. ಮೇಲಿನದನ್ನು ಕಸಿದಿಟ್ಟು ಚೌಕಟ್ಟಿನ ಆಚೆ ಬದಿಯಿಂದ ಬೇರೆ ತಂದುಕೊಟ್ಟಳು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಮೀನು ಒಣಗಿಸುವ ನೆಲವನ್ನು ಉಳಿಸಿಕೊಳ್ಳಲು ಹೆಂಗಸರು ಬೀದಿಗಿಳಿದದ್ದು ನೆನಪಾಯಿತು. ನಜರೆಯಲ್ಲಿ ಆ ನೆಲ ಉಳಿದಿದೆ, ಪ್ರವಾಸಿಗಳಿಗೆ ಅದು ಚೆಂದ ಕಾಣುತ್ತದೆಂಬ ಕಾರಣಕ್ಕಾದರೂ.

ಅದರ ಉತ್ತರಕ್ಕೆ ಮೀರ ಎಂಬ ತೀರದಲ್ಲಿ ಇನ್ನೂ ಒಂದು ಬಗೆಯ ರಂಪಣಿ ನಡೆಯುತ್ತದೆ. ದೋಣಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಟ್ಟು ಬರುತ್ತದೆ, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುತ್ತಾರೆ. ಮೊದಲು ಎತ್ತುಗಳು ಎಳೆಯುತ್ತಿದ್ದವು, ಈಗ ಟ್ರ್ಯಾಕ್ಟರ್. ನಮ್ಮಲ್ಲಿ ಊರಿನ ಗಂಡಸರೆಲ್ಲ ಸೇರಿ ಕೈಯಲ್ಲೇ ಎಳೆಯುತ್ತಿದ್ದರು, 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು ಅದು ಕುಗ್ಗಿತು. ಮೀರದಲ್ಲಿ ಬಲೆಯ ಚೀಲ ದಡಕ್ಕೆ ಬಂದಾಗ ಸುತ್ತ ನೆರೆದವರ ಕುತ್ತಿಗೆ ಮುಂದಕ್ಕೆ ಬಾಗಿದ ಬಗೆ, ಕಾಗೆಗಳ ಬದಲು ಕಡಲಹಕ್ಕಿಗಳ ಗಲಾಟೆ, ಚಿಲ್ಲರೆ ಮೀನಿಗಾಗಿ ಹುಡುಗರ ಕಿತ್ತಾಟ, ಇವೆಲ್ಲ ನನ್ನ ಬಾಲ್ಯದ್ದೇ. ಬಂದ ಮೀನು ಕಡಿಮೆ. ತಾರ್ಲೆ, ಅಂದರೆ ಬೂತಾಯಿ, ಇದೆಯೇ ಎಂದು ಕೇಳಿಸಿದೆ. ಅದಕ್ಕೆ ಈಗ ಕಾಲವಲ್ಲ, ಜೂನಿನಲ್ಲಿ ಬನ್ನಿ ಎಂದರು. ಅಲ್ಲಿಯೂ ತಾರ್ಲೆ ಕಳೆದ ದಶಕದಲ್ಲಿ ತೀರಾ ಇಳಿದುಹೋಗಿ, ಹಿಡಿಯಲು ಮಿತಿ ಹಾಕಿದ್ದಾರೆ. ಚಳಿಗಾಲದಲ್ಲಿ ಕೆಲವು ತಿಂಗಳು ಪೂರ್ತಿ ನಿಷೇಧ. ಜೂನಿನಲ್ಲಿ ಸಂತ ಅಂತೋನಿಯ ಹಬ್ಬಕ್ಕೆ ಲಿಸ್ಬನ್ನಿನ ಬೀದಿಬೀದಿಯಲ್ಲಿ ಅದನ್ನು ಕೆಂಡದ ಮೇಲೆ ಸುಡುತ್ತಾರೆ. ನಮ್ಮಲ್ಲಿ ಮಳೆಗಾಲದ 61 ದಿನಗಳ ನಿಷೇಧ ಆಗ ತಾನೇ ಶುರುವಾಗಿರುತ್ತದೆ.

ಏಪ್ರಿಲ್ 25ಕ್ಕೆ ಲಿಸ್ಬನ್ನಿಗೆ ಮರಳಿದೆವು. ಮಗಳ ಒತ್ತಾಯ. 1974ರಲ್ಲಿ ಆ ದಿನ, ಆಫ್ರಿಕದ ಯುದ್ಧದಿಂದ ಬೇಸತ್ತ ಕಿರಿಯ ಸೇನಾಧಿಕಾರಿಗಳು ಎದ್ದು, ಪಶ್ಚಿಮ ಯುರೋಪಿನ ಅತಿ ದೀರ್ಘ ಸರ್ವಾಧಿಕಾರವನ್ನು ಒಂದೇ ಹಗಲಿನಲ್ಲಿ ಕೆಡವಿದರು. ಜನ ಸೈನಿಕರ ಕೋವಿಯ ಬಾಯಿಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. ಪ್ರಧಾನಿ ಕಯ್ತಾನೊ ಶರಣಾದದ್ದು ಕಾರ್ಮೊ ಚೌಕದ ಪಡೆಮನೆಯಲ್ಲಿ. ಪಕ್ಕದಲ್ಲೇ ಕಾರ್ಮೊ ಇಗರ್ಜಿಯಿದೆ, ಮಾಡು ಇಲ್ಲದ್ದು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ ಆದ ಭೂಕಂಪದಲ್ಲಿ ಬಿದ್ದ ಅದರ ಚಾವಣಿಯನ್ನು ಹಾಗೆಯೇ ಬಿಟ್ಟಿದ್ದಾರೆ. ಕಂಪನ, ಮೇಲೆ ಹಬ್ಬದ ಮೇಣದಬತ್ತಿಗಳಿಂದ ಹೊತ್ತಿದ ಬೆಂಕಿ, ಆಮೇಲೆ ತೇಜೋದಿಂದ ಮೇಲೇರಿ ಬಂದ ಸುನಾಮಿ. ಊರನ್ನು ಮತ್ತೆ ಕಟ್ಟಿಸಿದ ಮಂತ್ರಿ ಪೊಂಬಾಲ್, ಗೋಡೆಗಳೊಳಗೆ ಅಲುಗಾಟ ತಾಳುವ ಮರದ ಚೌಕಟ್ಟು ಹಾಕಿಸಿದ. ಮಾದರಿಯ ಸುತ್ತ ಸೈನಿಕರನ್ನು ಕುಣಿಸಿ ಪರೀಕ್ಷಿಸಿದರೆಂದು ಹೇಳುತ್ತಾರೆ. ಈ ದಿನ ಇಡೀ ನಗರದ ಎದೆಯ ಮೇಲೆ ಕೆಂಪು ಹೂ. ಮೆರವಣಿಗೆಯಲ್ಲಿ ನನ್ನ ಕೈಗೂ ಯಾರೋ ಒಂದು ತುರುಕಿದರು.

ಆ ಹೂವಿನ ಅರ್ಥ ನನಗೆ ನಿಜವಾಗಿ ಆದದ್ದು ಪೆನೀಷೆಯಲ್ಲಿ. ಲಿಸ್ಬನ್ನಿನಿಂದ ಉತ್ತರಕ್ಕೆ, ಕಡಲಿಗೆ ಚಾಚಿದ ಬಂಡೆಯ ಮೇಲಿನ ಮೀನುಗಾರರ ಊರು. ತುದಿಯಲ್ಲಿ ಹಳೆಯ ಕೋಟೆ. 1934ರಿಂದ 1974ರವರೆಗೆ ಅದು ರಾಜಕೀಯ ಕೈದಿಗಳ ಸೆರೆಮನೆ. ಮೂರು ಕಡೆ ಸಮುದ್ರ ಮೊರೆಯುತ್ತಿರುತ್ತದೆ, ಕೋಣೆಯೊಳಗಿನವನಿಗೆ ಕೇಳಿಸುತ್ತದೆ. 1954ರಲ್ಲಿ ದಿಯಸ್ ಲೊರೆನ್ಸು ಎಂಬ ಕಮ್ಯುನಿಸ್ಟ್ ಶಿಕ್ಷೆಯ ಕತ್ತಲಕೋಣೆಯಿಂದ ತಪ್ಪಿಸಿಕೊಂಡು ಚಳಿಗಾಲದ ಕಡಲಿಗೆ ಧುಮುಕಿ ಪಾರಾದ. 1960ರ ಜನವರಿ 3ರಂದು ಪಕ್ಷದ ನಾಯಕ ಆಲ್ವರು ಕುನ್ಯಲ್ ಮತ್ತು ಸಂಗಡಿಗರು ಕಾವಲುಗಾರನೊಬ್ಬನ ನೆರವಿನಿಂದ, ಹೊದಿಕೆಗಳನ್ನು ಗಂಟು ಹಾಕಿ ಗೋಡೆಯಿಳಿದರು. ಅದೇ ವರ್ಷ ಬೆಲೆಂನಲ್ಲಿ ಕಲ್ಲಿನ ಹೆನ್ರಿ ಎದ್ದು ನಿಂತ. ಭೇಟಿಯ ಕೋಣೆಯಲ್ಲಿ ಕೈದಿಗೂ ಹೆಂಡತಿಗೂ ನಡುವೆ ಗಾಜು, ಪಕ್ಕದಲ್ಲಿ ಕಾವಲುಗಾರ. ಒಂದು ಗೋಡೆಯ ತುಂಬ ಎರಡೂವರೆ ಸಾವಿರದಷ್ಟು ಹೆಸರುಗಳು.

ಈ ಸೆರೆಮನೆಯಲ್ಲಿ ಗೋವೆಯವರೂ ಇದ್ದರು. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ರಾಮಮನೋಹರ ಲೋಹಿಯಾ ಸಭೆ ನಡೆಸಿದ ಮೇಲೆ ಹೊತ್ತಿಕೊಂಡ ಚಳವಳಿಯಲ್ಲಿ ಟಿ. ಬಿ. ಕುನ್ಹ ಅವರಿಗೆ ಎಂಟು ವರ್ಷ ಶಿಕ್ಷೆಯಾಗಿ, ಹಡಗಿನಲ್ಲಿ ಇಲ್ಲಿಗೆ ತಂದು ಹಾಕಿದರು. ಗಾಮನ ಪ್ರಯಾಣವೇ, ಹಿಮ್ಮುಖವಾಗಿ. ನನ್ನ ತಾಯಿಯ ತವರು ಕಾರವಾರದ ಬಿಣಗಾ. ಅಲ್ಲಿಂದ ಕಾಣುವ ಅಂಜದೀವ್ ದ್ವೀಪದಲ್ಲಿ 1498ರಲ್ಲಿ ಮರಳುವ ದಾರಿಯ ಗಾಮ ಹಡಗು ನಿಲ್ಲಿಸಿ ರಿಪೇರಿ ಮಾಡಿಸಿದ್ದ. 1961ರ ಡಿಸೆಂಬರಿನಲ್ಲಿ ಅದೇ ದ್ವೀಪವನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಸತ್ತರು. ತೋಪಿನ ಸದ್ದಿಗೆ ಕೊಟ್ಟಿಗೆಯ ದನಗಳು ಹಗ್ಗ ಹರಿದುಕೊಂಡವೆಂದು ಅಮ್ಮ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಪರಂಗಿಯವರೆಂದರೆ ಒಂದೇ ಮುಖದ ಜನ. ಪೆನೀಷೆಯ ಗೋಡೆಯ ಎದುರು ಆ ಮುಖ ಎರಡಾಯಿತು: ನಮ್ಮವರನ್ನು ಕೂಡಿಹಾಕಿದವರು ತಮ್ಮವರನ್ನು ಅದೇ ಗೋಡೆಯೊಳಗೆ, ಇನ್ನೂ ಹೆಚ್ಚು ಕಾಲ ಕೂಡಿಹಾಕಿದ್ದರು. 2016ರಲ್ಲಿ ಈ ಕೋಟೆಯನ್ನು ಹೋಟೆಲ್ ಮಾಡಲು ಖಾಸಗಿಯವರಿಗೆ ವಹಿಸುವ ಯೋಚನೆ ಸರ್ಕಾರಕ್ಕಿತ್ತು. ಹಳೆಯ ಕೈದಿಗಳು ಗಲಾಟೆ ಎಬ್ಬಿಸಿ ತಪ್ಪಿಸಿದರು. 2024ರ ಏಪ್ರಿಲ್ 27ರಂದು, ಕೈದಿಗಳು ಹೊರಬಂದು ಐವತ್ತು ವರ್ಷ ತುಂಬಿದ ದಿನ, ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬೆಲೆಂನಲ್ಲಿದ್ದ ಉದ್ದನೆಯ ಸಾಲು ಇಲ್ಲಿರಲಿಲ್ಲ.

ಕೊನೆಯಲ್ಲಿ ಪೋರ್ತೊ ನಗರದ ಉತ್ತರಕ್ಕೆ, ವಿಲ ದೊ ಕೊಂದೆಯ ಕಶೀನಶ್ ಎಂಬ ಮೀನುಗಾರರ ಕೇರಿಗೆ ಹೋದೆವು. ಧಕ್ಕೆಯ ಮೇಲೆ ಬಲೆ ಹೊಲಿಯುತ್ತಿದ್ದವರಲ್ಲಿ ಅರ್ಧದಷ್ಟು ಜನ ಇಂಡೊನೇಷ್ಯದವರು. ಪೋರ್ಚುಗೀಸ್ ಹುಡುಗರು ಕಡಲಿಗೆ ಹೋಗಲು ಒಲ್ಲರು. ದೋಣಿಯ ಮಾಲೀಕನ ಮಗ ಲಕ್ಸೆಂಬರ್ಗಿನಲ್ಲಿ ಕಟ್ಟಡ ಕೆಲಸಕ್ಕಿದ್ದಾನಂತೆ, ಸಂಬಳ ಮೂರು ಪಟ್ಟು. ಮಲ್ಪೆಯ ದೋಣಿಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ದುಡಿಯುತ್ತಿರುವುದನ್ನು ನಾನು ಹೇಳಿದೆ. ಅವನು ತಲೆಯಾಡಿಸಿ, ಅವರ ಮಕ್ಕಳೂ ನಾಳೆ ಬರುವುದಿಲ್ಲ ಎಂದ. ಇಂಡೊನೇಷ್ಯದ ಹುಡುಗರಿಗೆ ನಾನು ಬಾಂಗ್ಲಾದೇಶದವಳೋ ಭಾರತದವಳೋ ಎಂಬ ಕುತೂಹಲ. ಅದಕ್ಕಿಂತ ಹೆಚ್ಚಿನದು ನಾನು ಇಲ್ಲಿನ ಸಪ್ಪೆ ಊಟವನ್ನು ಹೇಗೆ ಸಹಿಸುತ್ತಿದ್ದೇನೆಂಬುದು. ಅವರಲ್ಲೊಬ್ಬ ಮಗಳ ಮೊಬೈಲಿನಲ್ಲಿ ನಕ್ಷೆ ತೆರೆದು, ಹಸಿಮೆಣಸು, ತೆಂಗಿನಹಾಲು ಸಿಗುವ ಅಂಗಡಿಯನ್ನು ತೋರಿಸಿಕೊಟ್ಟ. ಬಾಂಗ್ಲಾದೇಶದವರ ಅಂಗಡಿ. ಧಕ್ಕೆಯಲ್ಲಿ ಬಂಗಡೆ ಕೊಂಡು, ಅಲ್ಲಿ ಕಾಲು ಕಿಲೋ ಮೆಣಸು ತೂಗಿಸಿಕೊಂಡೆವು. ಮೀನಿಗಿಂತ ಮೆಣಸೇ ದುಬಾರಿಯಾಯಿತು.